ತಪ್ಪು ಲೆಕ್ಕವನ್ನು ತಿದ್ದುವವರು ಯಾರು?

ಪ್ರಾಥಮಿಕ ಶಾಲೆಯ ಮಗುವಿಗೆ ಕೂಡಿಸುವುದು, ಕಳೆಯುವುದನ್ನು ಹೇಗೆ ಕಲಿಸಬೇಕು ಎಂಬುದು ಚುನಾವಣೆಯ ವಿಷಯವಾಗುವುದು ತೀರಾ ಅಪರೂಪ. ಆದರೆ 2018ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಅದೇ ಆಯಿತು. ಶಾಲೆಗಳಲ್ಲಿ ನಡೆಯುತ್ತಿರುವ 'ಡಿಸ್ಕವರಿ ಮ್ಯಾಥ್' ಪದ್ಧತಿಯನ್ನು ತೆಗೆದುಹಾಕುತ್ತೇವೆ ಎಂದು ಹೇಳಿ ಡಗ್ ಫೋರ್ಡ್ ಅವರ ಪಕ್ಷ ಮತ ಕೇಳಿತು, ಗೆದ್ದು ಸರಕಾರ ರಚಿಸಿತು. 2020ರಲ್ಲಿ ಹೊಸ ಗಣಿತ ಪಠ್ಯಕ್ರಮ ಬಂತು. ಅದರಲ್ಲಿ ಹನ್ನೆರಡರ ಮಗ್ಗಿಯ ತನಕ ಮಕ್ಕಳಿಗೆ ನೆನಪಿನಲ್ಲಿರಬೇಕು ಎಂದು ಬರೆಯಲಾಯಿತು. ನಮ್ಮ ಅಜ್ಜಂದಿರು ಇದನ್ನು ಕೇಳಿದ್ದರೆ, ಇಷ್ಟಕ್ಕೆ ಒಂದು ಸರಕಾರವೇ ಬದಲಾಗಬೇಕಾಯಿತೇ ಎಂದು ನಗುತ್ತಿದ್ದರೋ ಏನೋ.

ಈ ಸುದ್ದಿ ನಮಗೆ ದೂರದ್ದಲ್ಲ. ಟೊರಾಂಟೊ, ಮಿಸ್ಸಿಸಾಗ, ಬ್ರಾಂಪ್ಟನ್ ಕಡೆಗಳಲ್ಲಿ ನಮ್ಮ ಕರಾವಳಿಯಿಂದ ಹೋಗಿ ನೆಲೆಸಿದ ಕುಟುಂಬಗಳು ಬಹಳಷ್ಟಿವೆ. ಒಂಟಾರಿಯೋದಲ್ಲಿ ಕಥೋಲಿಕ ಶಾಲೆಗಳಿಗೂ ಸರಕಾರದ ಪೂರ್ಣ ಅನುದಾನ ಇರುವುದರಿಂದ ನಮ್ಮವರ ಮಕ್ಕಳಲ್ಲಿ ಅನೇಕರು ಅಲ್ಲಿಯೇ ಓದುತ್ತಾರೆ. ಅಲ್ಲಿನ ಕಥೋಲಿಕ ಶಾಲೆಗಳೂ ಪ್ರಾಂತದ ಅದೇ ಪಠ್ಯಕ್ರಮವನ್ನು ಅನುಸರಿಸುತ್ತವೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರು ತಿಂಗಳು ಹೋಗಿ ಬರುವ ಅಜ್ಜ ಅಜ್ಜಿಯರಿಗೆ ಅಲ್ಲಿನ ಲೆಕ್ಕದ ಪುಸ್ತಕ ಕಂಡು ಆಶ್ಚರ್ಯವಾಗುವುದುಂಟು. ಪುಟ ತುಂಬಾ ಚಿತ್ರಗಳು, ಬಾಣಗಳು, ಚೌಕಗಳು. ಒಂದೇ ಲೆಕ್ಕಕ್ಕೆ ಮೂರು ದಾರಿ. ಉತ್ತರ ತಪ್ಪಾಗಿದ್ದರೂ ಟೀಚರ ಗುರುತು ಇಲ್ಲ.

ಅಲ್ಲಿನ ಹೆತ್ತವರ ದೂರು ಮುಖ್ಯವಾಗಿ ಇದೇ ಆಗಿತ್ತು. ಮಗು ತನ್ನದೇ ದಾರಿಯನ್ನು ಕಂಡುಕೊಳ್ಳಲಿ ಎಂಬುದಕ್ಕೆ ಅವರ ಆಕ್ಷೇಪ ಇರಲಿಲ್ಲ. ಆದರೆ ಆ ದಾರಿ ತಪ್ಪಿದಾಗ ಹೇಳುವವರು ಯಾರು? "ಈಗ ಬೇಡ, ಅವನೇ ಕಂಡುಕೊಳ್ಳುತ್ತಾನೆ" ಎಂಬ ಉತ್ತರವನ್ನು ಎರಡು ವರ್ಷ ಕೇಳಿ, ಮೂರನೆಯ ವರ್ಷವೂ ಮಗ ಬೆರಳು ಎಣಿಸುತ್ತಿರುವುದನ್ನು ಕಂಡ ತಾಯಿಯ ಚಿಂತೆಯನ್ನು ಹಳೆಯ ಕಾಲದವರ ಗೊಣಗಾಟ ಎಂದು ತಳ್ಳಿಹಾಕುವುದು ಸರಿಯಲ್ಲ.

ಇದು ಒಂಟಾರಿಯೋದಲ್ಲಿ ಮಾತ್ರ ಎದ್ದ ಕೂಗೂ ಅಲ್ಲ. 2011ರಲ್ಲಿ ಮ್ಯಾನಿಟೋಬಾದ ಗಣಿತ ಪ್ರಾಧ್ಯಾಪಕರು ಸೇರಿ ಇದರ ವಿರುದ್ಧ ದನಿಯೆತ್ತಿದರು. 2013ರಲ್ಲಿ ಆ ಪ್ರಾಂತ ತನ್ನ ಪಠ್ಯಕ್ರಮವನ್ನು ತಿದ್ದಿತು. ಆಲ್ಬರ್ಟಾದಲ್ಲಿ ವೈದ್ಯೆಯಾದ ಒಬ್ಬ ತಾಯಿ ಸಹಿ ಸಂಗ್ರಹಕ್ಕೆ ಇಳಿದರು. ಅಮೆರಿಕದಲ್ಲಂತೂ ಇದಕ್ಕೆ 'ಗಣಿತ ಯುದ್ಧ' ಎಂದೇ ಹೆಸರು. 1989ರಲ್ಲಿ ಅಲ್ಲಿನ ಗಣಿತ ಶಿಕ್ಷಕರ ರಾಷ್ಟ್ರೀಯ ಸಂಘ ಹೊಸ ಮಾನದಂಡಗಳನ್ನು ಹೊರತಂದಂದಿನಿಂದ ಅದು ಹೊತ್ತಿಕೊಂಡಿತು. 1999ರ ಅಕ್ಟೋಬರಿನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಹತ್ತು ಹೊಸ ಗಣಿತ ಕಾರ್ಯಕ್ರಮಗಳನ್ನು ಮೆಚ್ಚಿ ಶಿಫಾರಸು ಮಾಡಿತು. ಮರುತಿಂಗಳೇ 200ಕ್ಕೂ ಹೆಚ್ಚು ಗಣಿತಜ್ಞರು, ವಿದ್ವಾಂಸರು ಸಹಿ ಹಾಕಿದ ಬಹಿರಂಗ ಪತ್ರವೊಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತಾಗಿ ಪ್ರಕಟವಾಯಿತು. ಶಿಫಾರಸನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂಬುದು ಅವರ ಬೇಡಿಕೆ. 2008ರಲ್ಲಿ ರಾಷ್ಟ್ರೀಯ ಗಣಿತ ಸಲಹಾ ಸಮಿತಿ ವರದಿ ಕೊಟ್ಟಿತು. ಅರ್ಥವೂ ಬೇಕು, ಲೆಕ್ಕದಲ್ಲಿ ವೇಗವೂ ಬೇಕು, ಒಂದು ಇನ್ನೊಂದಕ್ಕೆ ಆಧಾರ ಎಂದು ಅದು ಹೇಳಿತು. ಪೂರ್ತಿ ಮಗುವಿಗೇ ಬಿಡುವುದು ಅಥವಾ ಪೂರ್ತಿ ಟೀಚರೇ ಹೇಳಿಕೊಡುವುದು, ಇವೆರಡರಲ್ಲಿ ಯಾವೊಂದಕ್ಕೂ ಸಂಶೋಧನೆಯ ಬೆಂಬಲ ಇಲ್ಲ ಎಂದಿತು. ಇಷ್ಟಾದರೂ ಜಗಳ ನಿಲ್ಲಲಿಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಚೌಕಟ್ಟು ಅಂಗೀಕರಿಸಿದಾಗ ಮತ್ತೆ ಅದೇ ವಾದ, ಅದೇ ಸಹಿ ಸಂಗ್ರಹ.

ಅಂಕಿ ಅಂಶಗಳು ಏನು ಹೇಳುತ್ತವೆ? ಒಂಟಾರಿಯೋದಲ್ಲಿ ಮೂರನೇ ಮತ್ತು ಆರನೇ ತರಗತಿಯ ಮಕ್ಕಳಿಗೆ ಪ್ರಾಂತ ಮಟ್ಟದ ಪರೀಕ್ಷೆ ಇದೆ. 2016ರಲ್ಲಿ ಆರನೇ ತರಗತಿಯವರಲ್ಲಿ ಗಣಿತದ ಮಾನದಂಡ ಮುಟ್ಟಿದವರು ಶೇಕಡಾ 50, 2018ರಲ್ಲಿ ಶೇಕಡಾ 49. ಈ ಮಾನದಂಡ ಪಾಸು-ಫೇಲಿನ ಗೆರೆಯಲ್ಲ, ಸುಮಾರು 70 ಅಂಕಕ್ಕೆ ಸಮ. ಅದನ್ನು ಮರೆತು ಅರ್ಧಕ್ಕರ್ಧ ಮಕ್ಕಳು ಫೇಲು ಎಂದು ಬರೆದವರೂ ಇದ್ದಾರೆ. ಅಂತಾರಾಷ್ಟ್ರೀಯ ಪಿಸಾ ಪರೀಕ್ಷೆಯಲ್ಲಿ ಕೆನಡಾದ ಗಣಿತದ ಅಂಕ 2003ರಲ್ಲಿ 532 ಇದ್ದದ್ದು 2022ರಲ್ಲಿ 497ಕ್ಕೆ ಇಳಿಯಿತು. ಇದರಲ್ಲಿ ಕೊರೋನಾದ ಪಾಲೂ ಇದೆ. ಬೋಧನಾ ಪದ್ಧತಿಯೊಂದನ್ನೇ ಕಟಕಟೆಗೆ ತರುವಂತಿಲ್ಲ. ಹೊಸ ಪಠ್ಯಕ್ರಮ ಬಂದ ಮೇಲೂ 2022-23ರಲ್ಲಿ ಒಂಟಾರಿಯೋದ ಆರನೇ ತರಗತಿಯ ಫಲಿತಾಂಶ ಅರ್ಧದ ಆಸುಪಾಸಿನಲ್ಲೇ ಇತ್ತು. ಪುಸ್ತಕದಲ್ಲಿ ಮಗ್ಗಿ ಸೇರಿಸಿದ ಮಾತ್ರಕ್ಕೆ ತರಗತಿಯೊಳಗೆ ಮಗುವಿನ ತಪ್ಪು ಲೆಕ್ಕದ ಬಳಿ ಯಾರೂ ಬಂದು ಕುಳಿತಂತಾಗುವುದಿಲ್ಲವಷ್ಟೇ.

ಮಿದುಳು ಬೆಳೆಯುವ ಕಥೆ

ಕಳೆದ ಹತ್ತು ವರ್ಷಗಳಲ್ಲಿ ತರಗತಿಯ ಗೋಡೆಗಳಲ್ಲಿ ಒಂದು ಘೋಷಣೆ ಬಹಳ ಕಾಣಿಸುತ್ತಿದೆ: ತಪ್ಪು ಮಾಡಿದರೆ ಮಿದುಳು ಬೆಳೆಯುತ್ತದೆ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕಿ ಜೋ ಬೋಲರ್ ಅವರ 'ಮ್ಯಾಥಮೆಟಿಕಲ್ ಮೈಂಡ್‌ಸೆಟ್ಸ್' ಎಂಬ ಪುಸ್ತಕದಿಂದ ಇದು ಜನಪ್ರಿಯವಾಯಿತು. ಈಗ ನಮ್ಮ ಊರಿನ ಆಂಗ್ಲ ಮಾಧ್ಯಮ ಶಾಲೆಗಳ ಶಿಕ್ಷಕರ ತರಬೇತಿಗಳಲ್ಲೂ ಇಂಥ ಮಾತು ಕೇಳಿಬರುತ್ತದೆ. ಕೇಳಲು ಸಮಾಧಾನ ಕೊಡುವ ಮಾತು. ಇದಕ್ಕೆ ಆಧಾರವಾಗಿ ತೋರಿಸುವ ಸಂಶೋಧನೆಗಳಲ್ಲಿ ಜೇಸನ್ ಮೋಸರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ್ದು ಮುಖ್ಯವಾದುದು. ಅದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಆ ಪ್ರಯೋಗದಲ್ಲಿ ಇದ್ದವರು ಪ್ರಾಥಮಿಕ ಶಾಲೆಯ ಮಕ್ಕಳಲ್ಲ, 25 ಮಂದಿ ಕಾಲೇಜು ವಿದ್ಯಾರ್ಥಿಗಳು. ಮಾಡಿದ್ದು ಗಣಿತವಲ್ಲ. ಪರದೆಯಲ್ಲಿ ಕ್ಷಣಮಾತ್ರ ಕಾಣುವ ಅಕ್ಷರಗಳ ಸಾಲಿನಲ್ಲಿ ನಡುವಿನ ಅಕ್ಷರ ಯಾವುದೆಂದು ಗುರುತಿಸುವ ಆಟ. ತಲೆಗೆ ತಂತಿಗಳನ್ನು ಜೋಡಿಸಿ, ತಪ್ಪಾದಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಸಂಕೇತವನ್ನು ಅಳೆದರು. ಸಾಮರ್ಥ್ಯ ಪ್ರಯತ್ನದಿಂದ ಬೆಳೆಯುತ್ತದೆ ಎಂದು ನಂಬಿದವರಲ್ಲಿ, ತಪ್ಪಿನ ಕಡೆಗೆ ಗಮನ ಹೋಗುವುದನ್ನು ಸೂಚಿಸುವ ಸಂಕೇತ ಹೆಚ್ಚು ದೊಡ್ಡದಾಗಿತ್ತು. ತಪ್ಪಿನ ನಂತರದ ಉತ್ತರಗಳನ್ನು ಅವರು ಹೆಚ್ಚು ಸರಿಯಾಗಿ ಕೊಟ್ಟರು. ಅಂದರೆ ಲಾಭವಾದದ್ದು ತಪ್ಪು ಮಾಡಿದ್ದರಿಂದ ಅಲ್ಲ, ತಪ್ಪಾಯಿತೆಂದು ಗಮನಿಸಿದ್ದರಿಂದ. ಆ ಯುವಕರಿಗೆ ತಪ್ಪಾದದ್ದು ಆ ಕ್ಷಣವೇ ಗೊತ್ತಾಗುವಂತಿತ್ತು. ಎರಡನೇ ತರಗತಿಯ ಮಗುವಿಗೆ ತನ್ನ ಉತ್ತರ ತಪ್ಪು ಎಂದು ತಾನಾಗಿ ಎಲ್ಲಿಂದ ಗೊತ್ತಾಗಬೇಕು? ಯಾರೂ ಹೇಳದಿದ್ದರೆ ಅದರ ಪಾಲಿಗೆ ಅದು ಸರಿಯುತ್ತರವೇ. ಆದ್ದರಿಂದ ಈ ಸಂಶೋಧನೆಯನ್ನು ಹಿಡಿದುಕೊಂಡು ತಿದ್ದುವುದು ಬೇಡ ಎನ್ನುವವರು ಅದನ್ನು ತಲೆಕೆಳಗಾಗಿ ಓದಿದ್ದಾರೆ ಎಂದೇ ನಾವು ಭಾವಿಸುತ್ತೇವೆ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದೂ ನಮ್ಮ ಉದ್ದೇಶವಲ್ಲ. ನಮ್ಮಲ್ಲಿ ಐವತ್ತು ದಾಟಿದವರಿಗೆ ಲೆಕ್ಕದ ತರಗತಿ ಎಂದರೆ ಇಂದಿಗೂ ನಾಗರಬೆತ್ತದ ನೆನಪು. ಏಳೆಂಟಲ ಎಷ್ಟು ಎಂದು ಕೇಳಿದಾಗ ಬಾಯಿ ಬಾರದೆ ನಿಂತವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಕೆಳಗಿನ ತರಗತಿಯ ಹುಡುಗಿಯನ್ನು ಕರೆಸಿ ಕಿವಿ ಹಿಂಡಿಸಿದ ಕಾಲ ಅದು. ಶಾಲೆ ಬಿಟ್ಟು ಬೀಡಿ ಕಟ್ಟಲು, ದೋಣಿಗೆ, ಮುಂಬಯಿಯ ಹೋಟೆಲಿಗೆ ಹೋದ ಎಷ್ಟೋ ಮಂದಿಯನ್ನು ಹೊರದಬ್ಬಿದ್ದು ಬಡತನದಷ್ಟೇ ಈ ಲೆಕ್ಕದ ಹೆದರಿಕೆಯೂ ಹೌದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಗಣಿತ ಸಮಿತಿ ಈ ಭಯವನ್ನೇ ಮೊದಲ ಸಮಸ್ಯೆಗಳಲ್ಲೊಂದೆಂದು ಗುರುತಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಹೊಡೆಯುವುದನ್ನು ನಿಷೇಧಿಸಿತು, ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಬೇಕೆಂದಿತು. ಇದೆಲ್ಲ ಆಗಲೇಬೇಕಾಗಿದ್ದ ಕೆಲಸ.

ಆದರೆ ಬೆತ್ತವನ್ನು ಬಿಸಾಡುವ ಭರದಲ್ಲಿ ಕೆಂಪು ಪೆನ್ನನ್ನೂ ಅದರ ಜೊತೆಗೇ ಬಿಸಾಡಿದ್ದೇವೆಯೇ ಎಂಬ ಸಂಶಯ ನಮಗಿದೆ. ಕನ್ನಡದಲ್ಲಿ 'ತಿದ್ದು' ಎಂಬ ಮಾತಿಗೆ ಎರಡು ಅರ್ಥ. ಮರಳಿನ ಮೇಲೆ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ಬರೆಸುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ನಮ್ಮ ಹಿರಿಯರ ಭಾಷೆಯಲ್ಲಿ ಕಲಿಸುವುದು ಬೇರೆ, ತಿದ್ದುವುದು ಬೇರೆ ಆಗಿರಲಿಲ್ಲ. ಅದರಲ್ಲಿ ಹೊಡೆತದ ಸುಳಿವೇ ಇಲ್ಲ, ಇರುವುದು ಕೈ ಹಿಡಿಯುವ ಕೆಲಸ.

52ರಿಂದ 27 ಕಳೆದರೆ

ವಿಷಯ ಎಲ್ಲಿದೆ ಎಂದು ತಿಳಿಯಲು ಒಂದೇ ಒಂದು ಲೆಕ್ಕ ಸಾಕು. 52ರಿಂದ 27 ಕಳೆಯಲು ಮಗುವಿಗೆ ಹೇಳಿ. ಬಹಳಷ್ಟು ಮಕ್ಕಳು 35 ಎಂದು ಬರೆಯುತ್ತಾರೆ. ಇದು ಅಜಾಗ್ರತೆಯೂ ಅಲ್ಲ, ದಡ್ಡತನವೂ ಅಲ್ಲ. ಮಗು ಒಂದು ನಿಯಮವನ್ನು ಪಾಲಿಸಿದೆ: ದೊಡ್ಡದರಿಂದ ಚಿಕ್ಕದನ್ನು ಕಳೆ. 7ರಿಂದ 2 ಹೋದರೆ 5, 5ರಿಂದ 2 ಹೋದರೆ 3. ಮೊದಲನೇ ತರಗತಿಯಲ್ಲಿ "ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಎಂದು ನಾವೇ ಹೇಳಿಕೊಟ್ಟ ಪಾಠ ಅದು. ಮಗು ಅದನ್ನು ಚಾಚೂ ತಪ್ಪದೆ ನಡೆಸಿದೆ.

1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಇಂಥ ತಪ್ಪುಗಳನ್ನು ಕಂಪ್ಯೂಟರ್ ಮೂಲಕ ವಿಶ್ಲೇಷಿಸಿದರು. ಮಕ್ಕಳ ತಪ್ಪುಗಳಲ್ಲಿ ಹೆಚ್ಚಿನವು ಮನಸ್ಸಿಗೆ ಬಂದಂತೆ ಬರೆದವಲ್ಲ, ಒಂದೊಂದರ ಹಿಂದೆಯೂ ಒಂದು ನಿಯಮ ಇದೆ, ಮಗು ಅದನ್ನು ಮತ್ತೆ ಮತ್ತೆ ನಿಷ್ಠೆಯಿಂದ ಬಳಸುತ್ತದೆ ಎಂಬುದು ಅವರಿಗೆ ಕಂಡಿತು. ಹೀಗಾಗಿ ಅಭ್ಯಾಸ ಹೆಚ್ಚಾದಂತೆ ತಪ್ಪು ಕಳಚಿ ಬೀಳುವುದರ ಬದಲು ಗಟ್ಟಿಯಾಗುತ್ತದೆ. ಸಿಮೆಂಟು ಹಸಿ ಇರುವಾಗ ಕರಣೆಯಿಂದ ಒಮ್ಮೆ ಎಳೆದರೆ ಸಾಕು. ಒಣಗಿದ ಮೇಲೆ ಸುತ್ತಿಗೆಯೇ ಬೇಕಾಗುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಇದೇ ಮಗುವಿಗೆ 58ರಿಂದ 23 ಕಳೆಯಲು ಹೇಳಿದರೆ 35 ಎಂದು ಸರಿಯಾಗಿಯೇ ಬರೆಯುತ್ತದೆ. ಎರವಲು ಪಡೆಯಬೇಕಾಗಿಲ್ಲದ ಲೆಕ್ಕದಲ್ಲಿ ಆ ತಪ್ಪು ನಿಯಮವೂ ಸರಿಯುತ್ತರವನ್ನೇ ಕೊಡುತ್ತದೆ. ಹತ್ತರಲ್ಲಿ ಆರು ಲೆಕ್ಕ ಇಂಥವಾದರೆ ಮಗುವಿಗೆ ಹತ್ತಕ್ಕೆ ಆರು. ಪರವಾಗಿಲ್ಲ ಎಂದು ಹೆತ್ತವರು ಸುಮ್ಮನಾಗುತ್ತಾರೆ. ವಾಸ್ತವದಲ್ಲಿ ಆ ಮಗುವಿಗೆ ಕಳೆಯುವುದು ಬರುವುದೇ ಇಲ್ಲ. ಅಂಕ ನೋಡಿದರೆ ಇದು ಗೊತ್ತಾಗುವುದಿಲ್ಲ, ನಗುವ ಮುಖದ ಸ್ಟಿಕ್ಕರ್ ನೋಡಿದರಂತೂ ಇಲ್ಲವೇ ಇಲ್ಲ. ಪುಸ್ತಕವನ್ನು ಲೆಕ್ಕ ಲೆಕ್ಕವಾಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಬರೀ ತಪ್ಪು ಗುರುತು ಹಾಕಿದರೂ ತಿದ್ದಿದಂತಾಗಲಿಲ್ಲ ಎಂಬುದನ್ನೂ ಹೇಳಬೇಕು. 1973ರಲ್ಲಿ ಸ್ಟ್ಯಾನ್ಲಿ ಎರ್ಲ್‌ವಾಂಗರ್ ಎಂಬವರು ಅಮೆರಿಕದ ಆರನೇ ತರಗತಿಯ ಒಬ್ಬ ಹುಡುಗನ ಬಗ್ಗೆ ಬರೆದರು. ಅವರು ಅವನನ್ನು ಬೆನ್ನಿ ಎಂದು ಕರೆದಿದ್ದಾರೆ. ಅವನು ಎರಡನೇ ತರಗತಿಯಿಂದಲೂ ಕಲಿಯುತ್ತಿದ್ದುದು ಹೊಸ ಪದ್ಧತಿಯಲ್ಲಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಹಾಳೆಗಳನ್ನು ಮುಗಿಸುತ್ತಾ, ಉತ್ತರದ ಪಟ್ಟಿಗೆ ತಾಳೆ ನೋಡಿ, ಶೇಕಡಾ 80 ಸರಿಯಾದರೆ ಮುಂದಿನ ಹಂತಕ್ಕೆ ಹೋಗುವ ವ್ಯವಸ್ಥೆ ಅದು. ಬೆನ್ನಿ ಸರಾಸರಿಗಿಂತ ಮುಂದೆ ಇದ್ದ, ಟೀಚರಿಗೂ ಅವನ ಬಗ್ಗೆ ಸಂತೋಷ. ಅವನ ಜೊತೆ ಕುಳಿತು ಮಾತನಾಡಿದಾಗ ಮಾತ್ರ ಬೇರೆಯೇ ಚಿತ್ರ ಕಂಡಿತು. ಹತ್ತರಲ್ಲಿ ಐದು ಎಂಬ ಭಿನ್ನರಾಶಿಯನ್ನು ಅವನು 1.5 ಎಂದು ಬರೆಯುತ್ತಿದ್ದ, ಎರಡು ಅಂಕೆಗಳನ್ನೂ ಕೂಡಿಸಿ ನಡುವೆ ಒಂದು ಚುಕ್ಕಿ ಇಟ್ಟು. ಉತ್ತರದ ಪಟ್ಟಿ ತಪ್ಪು ಎಂದು ಹೇಳಿದಾಗ, ಸರಿಯುತ್ತರಕ್ಕೆ ಹಲವು ರೂಪಗಳಿವೆ, ಪಟ್ಟಿಯಲ್ಲಿರುವುದು ಬೇರೆ ರೂಪ ಅಷ್ಟೇ ಎಂದು ಅವನು ತಿಳಿದಿದ್ದ. ನಾಲ್ಕು ವರ್ಷ ಅವನಿಗೆ ಗುರುತುಗಳು ಸಿಕ್ಕಿದ್ದವು. "ಇದನ್ನು ಹೇಗೆ ಮಾಡಿದೆ, ಮಗಾ?" ಎಂದು ಕೇಳಿದವರು ಇರಲಿಲ್ಲ.

ಬೆನ್ನಿಯ ಕಥೆ ಓದುವಾಗ ನಮ್ಮ ರಾಜ್ಯದ ನಲಿ-ಕಲಿ ನೆನಪಾಗದೆ ಇರದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ರಿಷಿ ವ್ಯಾಲಿಯ ಮಾದರಿಯನ್ನು ನೋಡಿ ಆರಂಭವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಕಾರ್ಡುಗಳು, ಏಣಿಯ ಮೆಟ್ಟಿಲುಗಳು, ಗುಂಪುಗಳು, ಪ್ರತಿ ಮಗುವಿಗೂ ತನ್ನದೇ ವೇಗ. ಅಳುತ್ತಾ ಶಾಲೆಗೆ ಹೋಗುತ್ತಿದ್ದ ಮಕ್ಕಳು ಹಾಡುತ್ತಾ ಹೋಗುವಂತಾದದ್ದರಲ್ಲಿ ಇದರ ಪಾಲು ದೊಡ್ಡದು. ನಲಿ-ಕಲಿ ಎಲ್ಲಿಯೂ ತಪ್ಪನ್ನು ತಿದ್ದಬೇಡಿ ಎಂದು ಹೇಳುವುದಿಲ್ಲ. ಅದರ ಏಣಿಯಲ್ಲಿ ಮೌಲ್ಯಮಾಪನದ ಮೆಟ್ಟಿಲೂ ಇದೆ. ತೊಡಕು ಇರುವುದು ಬೇರೆ ಕಡೆ. ಒಬ್ಬರೇ ಟೀಚರ್, ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು, ಒಬ್ಬೊಬ್ಬರದು ಒಂದೊಂದು ಕಾರ್ಡು. ಅದರ ನಡುವೆ ಬಿಸಿಯೂಟ, ಗಣತಿ, ಆನ್‌ಲೈನ್ ದಾಖಲೆ. 52ರಿಂದ 27 ಕಳೆದು 35 ಎಂದು ಬರೆದ ಮಗುವಿನ ಬಳಿ ಎರಡು ನಿಮಿಷ ಕೂರಲು ಸಮಯ ಎಲ್ಲಿದೆ? ಮಗು ಮುಂದಿನ ಕಾರ್ಡು ಎತ್ತಿಕೊಳ್ಳುತ್ತದೆ. ಹೀಗೆ ಯಾರೂ ಬೇಡವೆನ್ನದಿದ್ದರೂ ತಿದ್ದುವ ಕೆಲಸ ನಿಂತುಹೋಗುತ್ತದೆ.

ಖಾಸಗಿ ಆಂಗ್ಲ ಮಾಧ್ಯಮದಲ್ಲಿ ಇದರ ರೂಪ ಇನ್ನೊಂದು. ಅಲ್ಲಿ ಪುಸ್ತಕ ಬಣ್ಣಬಣ್ಣದ್ದು, 'ಆಕ್ಟಿವಿಟಿ' ಹೆಚ್ಚು, ಪ್ರಗತಿ ಪತ್ರದಲ್ಲಿ ಅಂಕದ ಬದಲು ನಕ್ಷತ್ರಗಳು. ಮಗುವಿನ ಮನಸ್ಸಿಗೆ ನೋವಾಗಬಾರದೆಂದು ಕೆಂಪು ಶಾಯಿ ಬಳಸಬೇಡಿ ಎಂದು ಶಿಕ್ಷಕಿಯರಿಗೆ ಸೂಚನೆ ಇರುವ ಶಾಲೆಗಳೂ ಉಂಟು. ಶಾಯಿ ಹಸಿರಾದರೆ ನಮ್ಮ ತಕರಾರಿಲ್ಲ. ಹಸಿರು ಶಾಯಿಯಲ್ಲಾದರೂ ಬರೆಯಲಿ!

ಇವೆಲ್ಲದರ ಫಲ ಎಲ್ಲಿಗೆ ಬಂದು ನಿಂತಿದೆ ಎಂಬುದಕ್ಕೆ ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ನಡೆಸುವ ಅಸರ್ ಸಮೀಕ್ಷೆಯನ್ನು ನೋಡಬಹುದು. ಅದರ ಕಳೆಯುವ ಲೆಕ್ಕ ನಾವು ಮೇಲೆ ಹೇಳಿದಂಥದ್ದೇ, ಎರಡಂಕಿಯ, ಎರವಲು ಪಡೆಯಬೇಕಾದ ಲೆಕ್ಕ. ಮೂರನೇ ತರಗತಿಯ ಮಕ್ಕಳಲ್ಲಿ ಇದನ್ನು ಮಾಡಬಲ್ಲವರು 2018ರಲ್ಲಿ ಶೇಕಡಾ 28.2, ಕೊರೋನಾದ ನಂತರ 2022ರಲ್ಲಿ 25.9, 2024ರಲ್ಲಿ 33.7. ಏರಿಕೆ ಸಂತೋಷದ ವಿಷಯವೇ. ಆದರೂ ಮೂವರಲ್ಲಿ ಇಬ್ಬರಿಗೆ ಇನ್ನೂ ಬರುವುದಿಲ್ಲ. ಐದನೇ ತರಗತಿಯಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 2024ರಲ್ಲಿ ಶೇಕಡಾ 30.7. ಭಾಗಾಕಾರದ ಒಳಗೇ ಕಳೆಯುವ ಲೆಕ್ಕ ಇದೆ ಎಂಬುದನ್ನು ನೆನಪಿಟ್ಟರೆ ಈ ಎರಡು ಸಂಖ್ಯೆಗಳು ಯಾಕೆ ಹತ್ತಿರ ಹತ್ತಿರ ಇವೆ ಎಂಬುದು ತಿಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಚರ್ಚೆ ಮಾತ್ರ ಇನ್ನೊಂದು ದಿಕ್ಕಿನಲ್ಲಿ ಹೋಯಿತು. ಐದನೇ, ಎಂಟನೇ ತರಗತಿಗೆ ರಾಜ್ಯಮಟ್ಟದ ಪರೀಕ್ಷೆ ಇರಬೇಕೇ ಎಂಬ ವಿಷಯ 2023 ಮತ್ತು 2024ರಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ತನ್ನ ಶಾಲೆಗಳಲ್ಲಿ ಐದು ಮತ್ತು ಎಂಟರಲ್ಲಿ ಫೇಲು ಮಾಡುವ ಅವಕಾಶವನ್ನು ಮತ್ತೆ ತಂದಿತು. ಫೇಲು ಮಾಡಬೇಕೋ ಬೇಡವೋ ಎಂಬ ಈ ವಾದದಲ್ಲಿ ಎರಡೂ ಕಡೆಯವರು ಒಂದು ಪ್ರಶ್ನೆಯನ್ನು ಬದಿಗಿಟ್ಟಿದ್ದಾರೆ. ಎರಡನೇ ತರಗತಿಯಲ್ಲಿ ಮಂಗಳವಾರ ಮಾಡಿದ ತಪ್ಪು ಐದನೇ ತರಗತಿಯ ಮಾರ್ಚಿ ತಿಂಗಳಲ್ಲಿ ಪತ್ತೆಯಾಗಿ ಏನು ಪ್ರಯೋಜನ? ಬುಧವಾರ ಪತ್ತೆಯಾಗಬೇಕು.

ತಿದ್ದುವ ಕಲೆ

ತಿದ್ದುವುದು ಎಂದರೆ ಏನೆಂಬುದಕ್ಕೆ ಲಿಪಿಂಗ್ ಮಾ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಉದಾಹರಣೆ. ಚೀನಾದಲ್ಲಿ ಹಳ್ಳಿ ಶಾಲೆಯ ಶಿಕ್ಷಕಿಯಾಗಿದ್ದು ಮುಂದೆ ಅಮೆರಿಕದಲ್ಲಿ ಸಂಶೋಧನೆ ಮಾಡಿದವರು ಇವರು. ಅಮೆರಿಕದ 23, ಚೀನಾದ 72 ಪ್ರಾಥಮಿಕ ಶಿಕ್ಷಕರ ಮುಂದೆ ಮಕ್ಕಳು ಮಾಡುವ ಒಂದು ತಪ್ಪನ್ನು ಇಡಲಾಯಿತು. 123ನ್ನು 645ರಿಂದ ಗುಣಿಸುವಾಗ ಮಗು 615, 492, 738 ಎಂಬ ಮೂರು ಸಾಲುಗಳನ್ನು ಎಡಕ್ಕೆ ಸರಿಸದೆ ಒಂದರ ಕೆಳಗೆ ಒಂದು ನೇರ ಬರೆದು ಕೂಡಿಸುತ್ತದೆ. ಬರುವ ಉತ್ತರ 1845. ಸರಿಯಾದದ್ದು 79,335. ನೀವಾದರೆ ಏನು ಮಾಡುತ್ತೀರಿ?

ಅಮೆರಿಕದ ಬಹುಪಾಲು ಶಿಕ್ಷಕರು ಸಾಲುಗಳನ್ನು ಹೇಗೆ ಸರಿಸಿ ಬರೆಯಬೇಕೆಂದು ಮತ್ತೆ ತೋರಿಸುತ್ತೇವೆ ಎಂದರು. ಚೀನಾದ ಹೆಚ್ಚಿನವರು ಒಂದು ಹೆಜ್ಜೆ ಹಿಂದೆ ಹೋದರು: 645ರಲ್ಲಿರುವ 4 ಎಂದರೆ ನಾಲ್ಕಲ್ಲ, ನಲವತ್ತು. ಹಾಗಾದರೆ 492 ಎಂದರೆ 492 ಹತ್ತುಗಳು, ಅದರ ಜಾಗ ಹತ್ತರ ಸ್ಥಾನದಲ್ಲಿ. ಇಬ್ಬರೂ ತಪ್ಪನ್ನು ಕಂಡರು. ಮೊದಲನೆಯವರು ಕೈಯನ್ನು ತಿದ್ದಿದರು, ಎರಡನೆಯವರು ಎಣಿಕೆಯನ್ನು ತಿದ್ದಿದರು. ತಪ್ಪನ್ನು ಹಾಗೆಯೇ ಬಿಡುತ್ತೇವೆ ಎಂಬುದು ಈ ಚರ್ಚೆಯ ವಿಷಯವೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ 52ರ ಲೆಕ್ಕಕ್ಕೂ ಇದೇ ದಾರಿ. ಮಗುವಿನ ಕೈಗೆ ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಡಿ. ಬಂಗುಡೆಗೆ 27 ರೂಪಾಯಿ ಕೊಡು ಎನ್ನಿ (ಈಗಿನ ಬೆಲೆಗೆ ಬಾಲವೂ ಬರಲಿಕ್ಕಿಲ್ಲ, ಇರಲಿ). ಎರಡು ನಾಣ್ಯದಲ್ಲಿ ಏಳು ರೂಪಾಯಿ ಕೊಡಲಾಗದು ಎಂದು ಅದಕ್ಕೇ ತಿಳಿಯುತ್ತದೆ, ಒಂದು ನೋಟಿಗೆ ಚಿಲ್ಲರೆ ಬೇಕು ಎನ್ನುತ್ತದೆ. ಕೈಯಲ್ಲಿ ಉಳಿದದ್ದನ್ನು ಎಣಿಸಿದರೆ 25. ಪುಸ್ತಕದಲ್ಲಿ ಬರೆದ 35ಕ್ಕೆ 27 ಕೂಡಿಸಿ ನೋಡಲು ಹೇಳಿ, 62 ಬರುತ್ತದೆ. ನಿನ್ನ ಬಳಿ ಅಷ್ಟು ಇತ್ತೇ ಎಂದು ಕೇಳಿ. ಇಲ್ಲಿ ಮಗು ಕಂಡುಕೊಂಡಿತು, ಡಿಸ್ಕವರಿಯೂ ಆಯಿತು. ಆದರೆ ಕಂಡುಕೊಳ್ಳುವಲ್ಲಿಗೆ ಕರೆದುಕೊಂಡು ಹೋದದ್ದು ಪಕ್ಕದಲ್ಲಿ ಕುಳಿತವರು. ಆಮೇಲೆ ಅದೇ ಬಗೆಯ ಇನ್ನೂ ಐದು ಲೆಕ್ಕ ಮಾಡಿಸಬೇಕು, ಎರಡು ದಿನ ಬಿಟ್ಟು ಮತ್ತೆ ಎರಡು. ಮೊಬೈಲಿನ ಆ್ಯಪ್ ಈ ಕೆಲಸ ಮಾಡೀತೇ ಎಂದು ಕೇಳುವವರಿದ್ದಾರೆ. ಲೆಕ್ಕದ ಫೋಟೋ ತೆಗೆದರೆ ಅದು ಉತ್ತರವನ್ನೇನೋ ಕೊಡುತ್ತದೆ, ಮಗು ನೋಡಿ ಬರೆದುಕೊಳ್ಳುತ್ತದೆ, ಮರುದಿನದ ಪುಸ್ತಕದಲ್ಲಿ ಎಲ್ಲವೂ ಸರಿ. ಟೀಚರಿಗೆ ತಪ್ಪು ಕಾಣುವ ಕೊನೆಯ ಅವಕಾಶವೂ ಅಲ್ಲಿಗೆ ಮುಚ್ಚಿತು.

ಹೊರೆ ಯಾರ ಮೇಲೆ?

ಈ ಚರ್ಚೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಇದು. ಶಾಲೆ ತಿದ್ದದೆ ಬಿಟ್ಟ ತಪ್ಪನ್ನು ಇನ್ಯಾರೋ ತಿದ್ದಲೇಬೇಕು. ಟೊರಾಂಟೊದ ಅನುಕೂಲಸ್ಥ ಹೆತ್ತವರು ಮಗುವನ್ನು ಕುಮೊನ್‌ನಂಥ ಟ್ಯೂಷನ್ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ನಡೆಯುವುದೇನು? ದಿನಕ್ಕೊಂದಿಷ್ಟು ಲೆಕ್ಕ, ಕೂಡಲೇ ತಿದ್ದಿ ಕೊಡುವುದು, ಎಲ್ಲವೂ ಸರಿಯಾಗುವ ತನಕ ತಪ್ಪಾದದ್ದನ್ನು ಮತ್ತೆ ಮಾಡಿಸುವುದು. ಜಪಾನಿನ ಗಣಿತ ಶಿಕ್ಷಕ ತೋರು ಕುಮೊನ್ ತನ್ನ ಮಗನಿಗಾಗಿ 1950ರ ದಶಕದಲ್ಲಿ ಆರಂಭಿಸಿದ ಪದ್ಧತಿ ಅದು. ಶಾಲೆಯಲ್ಲಿ ಹಳತಾಯಿತು ಎಂದು ಬಿಟ್ಟದ್ದನ್ನೇ ಹೆತ್ತವರು ಸಂಜೆ ಹಣ ಕೊಟ್ಟು ಕೊಳ್ಳುತ್ತಾರೆ. ಹಣ ಇಲ್ಲದವರ ಮಗು ಶಾಲೆಯಲ್ಲಿ ಕಲಿತಷ್ಟೇ ಕಲಿಯುತ್ತದೆ.

ನಮ್ಮಲ್ಲೂ ಹಾಗೆಯೇ. ಅಮ್ಮ ಪದವೀಧರೆಯಾದರೆ, ಅಥವಾ ತಿಂಗಳಿಗೆ ಸಾವಿರ ರೂಪಾಯಿ ಟ್ಯೂಷನ್ನಿಗೆ ಕೊಡಬಲ್ಲ ಮನೆಯಾದರೆ, ಶಾಲೆಯ ಪದ್ಧತಿ ಯಾವುದಿದ್ದರೂ ಮಗು ದಡ ಸೇರುತ್ತದೆ. ಆದರೆ ನಮ್ಮ ಚರ್ಚುಗಳ ವಾಳೆಗಳಲ್ಲಿ ಇನ್ನೊಂದು ಬಗೆಯ ಮನೆಗಳೂ ಇವೆ. ತಂದೆ ಗಲ್ಫಿನಲ್ಲಿ, ಅಥವಾ ಬೆಳಿಗ್ಗೆ ನಾಲ್ಕಕ್ಕೆ ದಕ್ಕೆಗೆ ಹೋದವರು. ತಾಯಿ ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದಿದವರು, ಮಗು ಆಂಗ್ಲ ಮಾಧ್ಯಮದಲ್ಲಿ. ತಾಯಿಗೆ 'ದಶಕ ತೆಗೆದುಕೊಳ್ಳುವುದು' ಚೆನ್ನಾಗಿ ಗೊತ್ತು, ಮಗುವಿನ ಪುಸ್ತಕದಲ್ಲಿರುವ 'ರೀಗ್ರೂಪಿಂಗ್' ಗೊತ್ತಿಲ್ಲ. ಎರಡೂ ಒಂದೇ ಎಂದು ಅವರಿಗೆ ಯಾರೂ ಹೇಳಿಲ್ಲ. "ಅಮ್ಮಾ, ನಿನಗೆ ಗೊತ್ತಿಲ್ಲ, ಟೀಚರ್ ಬೇರೆ ಹೇಳಿದ್ದಾರೆ" ಎಂದು ಮಗು ಹೇಳಿದರೆ ಅವರು ಸುಮ್ಮನಾಗುತ್ತಾರೆ. ಮಗುವಿನ ತಪ್ಪು ಹಾಗೆಯೇ ಐದನೇ ತರಗತಿಗೆ, ಎಂಟಕ್ಕೆ, ಎಸ್‌ಎಸ್‌ಎಲ್‌ಸಿಗೆ ಹೋಗುತ್ತದೆ. ಅಲ್ಲಿ ಗಣಿತದಲ್ಲಿ ನಿಂತ ಮಗುವಿಗೆ ತಾನು ಎಲ್ಲಿ ಎಡವಿದ್ದು ಎಂಬುದೇ ನೆನಪಿರುವುದಿಲ್ಲ. ಮಗುವಿನ ಮನಸ್ಸು ನೋಯಬಾರದೆಂದು ಎರಡನೇ ತರಗತಿಯಲ್ಲಿ ಉಳಿಸಿದ ನೋವು ಹದಿನಾರನೇ ವಯಸ್ಸಿನಲ್ಲಿ ಬಡ್ಡಿ ಸಮೇತ ಬರುತ್ತದೆ.

ಧರ್ಮಪ್ರಾಂತ್ಯದ ಶಾಲೆಗಳ ಮುಖ್ಯೋಪಾಧ್ಯಾಯರು, ಧರ್ಮಭಗಿನಿಯರು, ಶಿಕ್ಷಕ-ರಕ್ಷಕ ಸಂಘದ ಪದಾಧಿಕಾರಿಗಳು ಈ ಪುಟವನ್ನು ಓದುತ್ತಾರೆ. ಮುಂದಿನ ಸಭೆಯಲ್ಲಿ ಶುಲ್ಕ, ಸಮವಸ್ತ್ರ, ವಾರ್ಷಿಕೋತ್ಸವಗಳ ನಡುವೆ ಹತ್ತು ನಿಮಿಷ ಇದಕ್ಕೂ ಇರಲಿ ಎಂಬುದು ನಮ್ಮ ವಿನಂತಿ. ಲೆಕ್ಕದ ಪುಸ್ತಕವನ್ನು ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ, ತಪ್ಪಾದ ಲೆಕ್ಕವನ್ನು ಮಗು ಮತ್ತೆ ಮಾಡಿದೆಯೇ ಎಂದು ಯಾರು ಕೇಳುತ್ತಾರೆ. ಹೆತ್ತವರು ಇದನ್ನು ಜಗಳಕ್ಕಾಗಿ ಕೇಳಬೇಕಾಗಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕಿ ಐದು ವಿಷಯದ ಪುಸ್ತಕ ತಿದ್ದಬೇಕಾದರೆ ದಿನಕ್ಕೆ 200 ಪುಸ್ತಕವಾಯಿತು. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ಖಾಲಿ ಬಿದ್ದು, ಗೌರವ ಶಿಕ್ಷಕಿಯರು ಸಣ್ಣ ಸಂಬಳಕ್ಕೆ ದುಡಿಯುತ್ತಿರುವುದು ನಮಗೆಲ್ಲ ಗೊತ್ತು. ಅವರನ್ನು ದೂರಿ ಪ್ರಯೋಜನವಿಲ್ಲ. ಎಲ್ಲ ಪುಸ್ತಕ ಆಗದಿದ್ದರೆ ಒಂದನೇ, ಎರಡನೇ, ಮೂರನೇ ತರಗತಿಯ ಲೆಕ್ಕದ ಪುಸ್ತಕವಾದರೂ ಮರುದಿನವೇ ನೋಡಿ ಆಗಬೇಕು. ಅದಕ್ಕೆ ಬೇಕಾದರೆ ಬೇರೆ ಬರವಣಿಗೆಯ ಮನೆಗೆಲಸ ಕಡಿಮೆ ಮಾಡಲಿ.

ಪ್ರತಿ ಚರ್ಚಿನಲ್ಲೂ ಇಬ್ಬರು ಮೂವರು ನಿವೃತ್ತ ಶಿಕ್ಷಕಿಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರೂ ಇರುತ್ತಾರೆ, ಲೆಕ್ಕ ಅವರ ಬೆರಳ ತುದಿಯಲ್ಲಿದೆ. ಭಾನುವಾರ ಕ್ರೈಸ್ತ ಶಿಕ್ಷಣಕ್ಕೆ ಮಕ್ಕಳು ತರಗತಿವಾರು ಸೇರಿಯೇ ಸೇರುತ್ತಾರೆ. ಅದು ಮುಗಿದ ಮೇಲೆ ಅರ್ಧ ಗಂಟೆ, ಅಥವಾ ವಾರದಲ್ಲಿ ಎರಡು ಸಂಜೆ ಚರ್ಚ್ ಸಭಾಂಗಣದ ಮೂಲೆಯಲ್ಲಿ, ಯಾವ ಧರ್ಮದ ಮಗುವೇ ಬಂದರೂ ಕೂರಿಸಿಕೊಂಡು ಪುಸ್ತಕ ತೆರೆದು ನೋಡಬಹುದು. ಅದಕ್ಕೆ ಪಠ್ಯಕ್ರಮ ಬೇಡ, ಉದ್ಘಾಟನೆ ಬೇಡ, ಬ್ಯಾನರೂ ಬೇಡ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಮನೆ ಭೇಟಿಗೆ ಹೋದಾಗ ಅಕ್ಕಿ, ಔಷಧಿಗಳ ಜೊತೆಗೆ ಮಗುವಿನ ಲೆಕ್ಕದ ಪುಸ್ತಕವನ್ನೂ ಒಮ್ಮೆ ಕೇಳಿ ನೋಡಬಹುದು. ತಿದ್ದದ ಪುಟಗಳು ಎಷ್ಟಿವೆ ಎಂಬುದು ಎಣಿಸಲು ಕಷ್ಟವಿಲ್ಲ.